ಜಿಂಕೆ ಉಳಿದರೆ ಹುಲಿ ಉಳಿದೀತು

ಕಾಡಂಚಿನ ರೈತನಿಗೆ ಜಿಂಕೆಯೆಂದರೆ ರಾಗಿ, ಅವರೆ ಹೊಲವನ್ನು ಮೇದು ಹೋಗುವ ಪ್ರಾಣಿ. ಹುಲಿಯೆಂದರೆ ದನದ ಮೇಲೆ ಬೀಳುವ ಪ್ರಾಣಿ. ಆದರೆ ಕಾಡಿನಲ್ಲಿ ಜಿಂಕೆ, ಕಡವೆಗಳು ಕಡಿಮೆಯಾದರೆ ಹುಲಿಯೂ ಕಡಿಮೆಯಾಗುತ್ತದೆ; ಹಸಿದ ಹುಲಿಯ ಕಣ್ಣು ದನದ ಮೇಲೂ ಬೀಳುತ್ತದೆ. ಈ ಸಂಬಂಧವನ್ನು ಅಳೆದು ತೋರಿಸಿದ ಮುಖ್ಯ ಸಂಶೋಧನೆಯೊಂದು ನಮ್ಮ ನಾಗರಹೊಳೆಯಲ್ಲಿಯೇ ನಡೆದಿದೆ.

ಎಣಿಸುವ ಬಗೆ

ಮುಂದೆ ಮಂಗಳೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದ ಶ್ರೀ ಉಲ್ಲಾಸ ಕಾರಂತರು ಅಮೆರಿಕದ ವಿಜ್ಞಾನಿ ಮೆಲ್ ಸನ್‌ಕ್ವಿಸ್ಟ್ ಅವರೊಡನೆ 1986ರಿಂದ 1990ರವರೆಗೆ ಇಲ್ಲಿ ಅಧ್ಯಯನ ನಡೆಸಿದರು. ಕಾಡಿನಲ್ಲಿ ನೇರವಾದ ಕಾಲುದಾರಿಗಳನ್ನು ಮಾಡಿ, ಅವುಗಳಲ್ಲಿ ನಡೆಯುತ್ತ, ಕಂಡ ಪ್ರಾಣಿಗಳ ಜಾತಿ, ಸಂಖ್ಯೆ, ದಾರಿಯಿಂದ ಅವು ಇದ್ದ ದೂರ ಇವನ್ನು ಬರೆದುಕೊಳ್ಳುವುದು ಈ ಎಣಿಕೆಯ ಕ್ರಮ. ದೂರ ಹೆಚ್ಚಿದಂತೆ ಕಣ್ಣಿಗೆ ತಪ್ಪುವ ಪ್ರಾಣಿಗಳೂ ಹೆಚ್ಚು. ಹೀಗೆ ತಪ್ಪಿದವನ್ನೂ ಲೆಕ್ಕಕ್ಕೆ ತಂದು, ಒಂದು ಚದರ ಕಿಲೋಮೀಟರಿಗೆ ಎಷ್ಟು ಪ್ರಾಣಿಗಳಿವೆ ಎಂದು ಅಂದಾಜು ಮಾಡುತ್ತಾರೆ.

ಹುಲಿ, ಚಿರತೆ, ಸೀಳುನಾಯಿಗಳ ಆಹಾರವನ್ನು ತಿಳಿಯಲು ಅವುಗಳ ಹಿಕ್ಕೆಯನ್ನು ತೊಳೆದು, ಅದರಲ್ಲಿ ಉಳಿದ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಯಿತು.

ಕಂಡುಬಂದ ಸಂಗತಿ

ಹುಲಿ ಹಿಡಿದ ಮುಖ್ಯ ಬೇಟೆಗಳ ಸರಾಸರಿ ತೂಕ 91.5 ಕಿಲೋ, ಸೀಳುನಾಯಿಯದು 43.4, ಚಿರತೆಯದು 37.6 ಕಿಲೋ. ಎಂದರೆ ಹುಲಿಗೆ ಕಾಟಿ, ಕಡವೆಯಂತಹ ದೊಡ್ಡ ಪ್ರಾಣಿಗಳು ಬೇಕು. ಉಳಿದೆರಡಕ್ಕೆ ಜಿಂಕೆಯಂತಹವು ಸಾಕು. ಬಗೆಬಗೆಯ ಬೇಟೆ ಸಮೃದ್ಧವಾಗಿದ್ದರೆ ಮೂರೂ ಒಂದೇ ಕಾಡಿನಲ್ಲಿ ಬಾಳಬಲ್ಲವು.

ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಪ್ರಾಣಿಗಳು ಬೇಕು. ಹುಲಿಗಳು ವರ್ಷದಲ್ಲಿ ತಿನ್ನುವುದು ಕಾಡಿನಲ್ಲಿರುವ ಬೇಟೆಪ್ರಾಣಿಗಳ ಹತ್ತನೆಯ ಒಂದು ಪಾಲನ್ನು ಮಾತ್ರ. ಆದ್ದರಿಂದ ಒಂದು ಹುಲಿಯ ಹಿಂದೆ ಸುಮಾರು 500 ಪ್ರಾಣಿಗಳಿರಬೇಕು. ಇದು ಅಸಲನ್ನು ಉಳಿಸಿ ಬಡ್ಡಿಯಲ್ಲಿ ಬದುಕುವ ಸಂಸಾರದಂತೆ. ಕಳ್ಳಬೇಟೆಯಿಂದ ಅಸಲೇ ಕರಗಿದರೆ, ಗುಂಡೇಟು ಬೀಳದೆಯೂ ಹುಲಿಯ ಸಂತತಿ ಕ್ಷೀಣಿಸುತ್ತದೆ.

ರೈತ ಬಾಂಧವರು ಗಮನಿಸಬೇಕಾದ ಅಂಶಗಳು

1. ಹಂದಿಗೆಂದು ಬೇಲಿಗೆ ಉರುಲು ಕಟ್ಟಬೇಡಿ. ಅದಕ್ಕೆ ಹುಲಿ, ಚಿರತೆಗಳೂ ಸಿಕ್ಕಿ ಸಾಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದು ಅಪರಾಧ.

2. ಹುಲಿ ದನವನ್ನು ಕೊಂದರೆ ಕಳೇಬರಕ್ಕೆ ವಿಷ ಹಾಕಬೇಡಿ. ಅದನ್ನು ಕದಲಿಸದೆ ಕೂಡಲೇ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ, ಪರಿಹಾರಕ್ಕೆ ಅರ್ಜಿ ಕೊಡಿ. ಬೆಳೆನಷ್ಟಕ್ಕೂ ಪರಿಹಾರ ಉಂಟು.

3. ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆಯನ್ನು ತಪ್ಪದೆ ಹಾಕಿಸಿ. ಈ ರೋಗ ಕಾಟಿ, ಜಿಂಕೆಗಳಿಗೂ ತಗಲುತ್ತದೆ.

4. ಸಾಕುನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಕಾಡಿಗೆ ಬಿಡಬೇಡಿ. ನಾಯಿಗಳ ರೋಗದಿಂದ ಸೀಳುನಾಯಿಗಳ ಇಡೀ ಗುಂಪಿಗೇ ಅಪಾಯವಾಗಬಹುದು.

ಹೊಲಕ್ಕೆ ನುಗ್ಗುವ ಜಿಂಕೆಯಿಂದಾಗುವ ನಷ್ಟ ಸಣ್ಣದಲ್ಲ. ಅದಕ್ಕೆ ಕಾವಲು, ಬೇಲಿ, ಪರಿಹಾರಗಳು ದಾರಿಯೇ ಹೊರತು ಬಂದೂಕಲ್ಲ. ಕಾಡಿನೊಳಗೆ ಜಿಂಕೆ, ಕಡವೆಗಳು ತುಂಬಿರುವುದು ಹುಲಿಗೂ ಹಿತ, ಕೊಟ್ಟಿಗೆಯ ದನಕ್ಕೂ ಹಿತ.