ವಾಟ್ಸ್‌ಆಪ್ ಗುಂಪಿನಲ್ಲಿ ಕೆಲಸದ ಪಟ್ಟಿ



ನಮ್ಮ ಸದಸ್ಯರಲ್ಲಿ ಈಗ ವಾಟ್ಸ್‌ಆಪ್ ಗುಂಪಿಗೆ ಸೇರದವರು ವಿರಳ. ಎಷ್ಟು ಮಳೆ ಬಿತ್ತು, ಅಡಿಕೆ ಧಾರಣೆ ಏನಾಯಿತು, ಯಾರ ಮನೆಯಲ್ಲಿ ಮದುವೆ ಎಂಬುದೆಲ್ಲವೂ ಅಲ್ಲಿಗೇ ಬರುತ್ತದೆ. ಕ್ರಮೇಣ ಕೆಲಸದ ಹಂಚಿಕೆಯೂ ಅಲ್ಲಿಗೆ ಸರಿದಿದೆ. ಮೈಲುತುತ್ತ ತರುವವರು ಯಾರು, ಸಂಘದ ಸಿಂಪಡಣೆ ಯಂತ್ರ ನಾಳೆ ಯಾರ ತೋಟಕ್ಕೆ, ಮರ ಹತ್ತುವವರ ಸರದಿ ಯಾರದು ಎಂಬುದನ್ನು ಫೋನಿನಲ್ಲಿಯೇ ಗೊತ್ತು ಮಾಡುತ್ತಿದ್ದೇವೆ. ಅನುಕೂಲವೇನೋ ಹೌದು. ಆದರೆ ಮಾತು ಹರಿಯುತ್ತಾ ಹೋಗುತ್ತದೆ, ಕೆಲಸದ ಪಟ್ಟಿ ನಿಂತಿರಬೇಕಾಗುತ್ತದೆ. ಬೆಳಿಗ್ಗೆ ಬರೆದ ಕೆಲಸವು ಮಧ್ಯಾಹ್ನದ ವೇಳೆಗೆ ನಲವತ್ತು ಶುಭೋದಯಗಳ ಕೆಳಗೆ ಹೂತುಹೋಗಿರುತ್ತದೆ.

ಹಿಂದೆ ಎಸ್ಟೇಟುಗಳಲ್ಲಿ ರೈಟರು ಸಂಜೆಯ ಹೊತ್ತು ಚೆಕ್‌ರೋಲ್ ಹಿಡಿದು, ನಾಳೆ ಯಾವ ಪಟ್ಟೆಯಲ್ಲಿ ಯಾರು, ಯಾವ ಕೆಲಸ ಎಂದು ಓದಿ ಹೇಳುತ್ತಿದ್ದರು. ಪುಸ್ತಕ ಒಂದೇ, ಬರೆಯುವ ಕೈಯೂ ಒಂದೇ. ಗುಂಪಿನಲ್ಲಿ ಇವೆರಡೂ ಇಲ್ಲ. ಇದರಿಂದ ಆಗುವ ನಷ್ಟ ಎಂಥದೆಂಬುದನ್ನು ನಮ್ಮಿಂದಲೇ ಆದ ಒಂದು ತಪ್ಪಿನಿಂದ ತಿಳಿಸುತ್ತೇವೆ.

2024ರ ಮೇ ತಿಂಗಳ ಕೊನೆಯಲ್ಲಿ, ಮುಂಗಾರಿಗೆ ಮುಂಚಿನ ಸಿಂಪಡಣೆಗಾಗಿ ಒಂಬತ್ತು ಕೆಲಸಗಳ ಪಟ್ಟಿ ಹಾಕಿದ್ದೆವು. ನಾಲ್ಕನೆಯದು ಯಂತ್ರದ ನಾಜಲ್ ರಿಪೇರಿ. ಐದನೆಯದು ಅರಕಲಗೂಡು ಕಡೆಯ ಸದಸ್ಯರೊಬ್ಬರ ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ. ಮೊದಲನೆಯ ಕೆಲಸ ಮುಗಿದ ಕಾರಣ ಅದನ್ನು ತೆಗೆದು, ಉಳಿದವಕ್ಕೆ ಹೊಸದಾಗಿ ಸಂಖ್ಯೆ ಕೊಟ್ಟು ಮತ್ತೆ ಹಾಕಿದೆವು. ಹಳೆಯ ಪಟ್ಟಿಯನ್ನೇ ನೋಡುತ್ತಿದ್ದ ರಿಪೇರಿಯವರು "4 ಆಯಿತು" ಎಂದು ಬರೆದರು. ಹೊಸ ಪಟ್ಟಿಯಲ್ಲಿ ನಾಲ್ಕು ಎಂದರೆ ಆ ತೋಟ. ನಾವು ಅದಕ್ಕೆ ಗೆರೆ ಹೊಡೆದೆವು. ಮರ ಹತ್ತುವವರು ಮುಂದಿನ ತೋಟಕ್ಕೆ ಹೋದರು. ತೋಟದ ಯಜಮಾನರು ಮಗಳ ಬಾಣಂತನಕ್ಕೆಂದು ಬೆಂಗಳೂರಿನಲ್ಲಿದ್ದರು. ಗೆರೆ ನೋಡಿ ನಿಶ್ಚಿಂತರಾದರು. ಮಳೆ ಹಿಡಿಯಿತು. ಜುಲೈನಲ್ಲಿ ಎಳೆಯ ಕಾಯಿ ಉದುರತೊಡಗಿದಾಗಲೇ ವಿಷಯ ತಿಳಿದದ್ದು. ಕೊಳೆರೋಗ ಹಿಡಿದ ಗೊನೆಗೆ ಆಮೇಲೆ ಔಷಧಿ ಹೊಡೆದರೆ ಉದುರಿದ ಕಾಯಿ ಮರಕ್ಕೆ ಹತ್ತುವುದಿಲ್ಲ. ಆ ಸದಸ್ಯರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು.

ಅಂದಿನಿಂದ ನಾವು ಪಾಲಿಸುತ್ತಿರುವ ಕ್ರಮ ಹೀಗಿದೆ. ಒಂದು ಕೆಲಸಕ್ಕೆ ಒಮ್ಮೆ ಕೊಟ್ಟ ಸಂಖ್ಯೆ ಆ ಹಂಗಾಮು ಮುಗಿಯುವವರೆಗೆ ಅದರದೇ. ಮುಗಿದರೂ ಅದನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ಮುಗಿಸಿದವರು ಸಂಖ್ಯೆಯ ಜೊತೆಗೆ ಕೆಲಸದ ಹೆಸರನ್ನೂ ಬರೆಯತಕ್ಕದ್ದು: "4, ನಾಜಲ್ ಆಯಿತು" ಎಂದು. ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು, ಒಂದು ದಿನಾಂಕ ಇರಬೇಕು. "ನಾವೆಲ್ಲ ಸೇರಿ ಮಾಡೋಣ" ಎಂದು ಬರೆದ ಕೆಲಸವನ್ನು ಯಾರೂ ಮಾಡುವುದಿಲ್ಲವೆಂಬುದು ಸಂಘದ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಮೈಲುತುತ್ತ ಒಬ್ಬರು, ಸುಣ್ಣ ಇನ್ನೊಬ್ಬರು ತರುವುದಾದರೆ ಅವು ಎರಡು ಕೆಲಸಗಳು, ಎರಡು ಸಾಲುಗಳು. ಶೇಕಡ 1ರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ತಲಾ ಒಂದು ಕಿಲೋ ಬೇಕು. ಒಂದು ಬಂದು ಇನ್ನೊಂದು ಬಾರದಿದ್ದರೆ ಆಳುಗಳು ಕೂಲಿ ಪಡೆದು ಬೀಡಿ ಸೇದುತ್ತಾ ಕೂರುತ್ತಾರೆ. ಕಲಸಿದ ದ್ರಾವಣವನ್ನು ನಾಳೆಗೆ ಇಡುವಂತೆಯೂ ಇಲ್ಲ.

ಇನ್ನು ಫೋನಿನ ವಿಚಾರ. ವಾಟ್ಸ್‌ಆಪ್‌ನಲ್ಲಿ ಕಳುಹಿಸಿದ ಸಂದೇಶವನ್ನು ಹದಿನೈದು ನಿಮಿಷದೊಳಗೆ ಮಾತ್ರ ತಿದ್ದಬಹುದು. ಆದುದರಿಂದ ಪಟ್ಟಿಯನ್ನು ತಿದ್ದುವುದೆಂದರೆ ಹೊಸದಾಗಿ ಹಾಕುವುದೇ. ಮೇಲೆ ದಿನಾಂಕ, ಸಮಯ ಬರೆದು ಹಾಕಿ, ಅದನ್ನು ಪಿನ್ ಮಾಡಿ, ಹಿಂದಿನದರ ಪಿನ್ ತೆಗೆಯಬೇಕು. ಪಿನ್ನಿಗೆ 24 ಗಂಟೆ, 7 ದಿನ, 30 ದಿನ ಎಂಬ ಮೂರು ಅವಧಿಗಳಿವೆ. ವಾರದ ಪಟ್ಟಿಗೆ 7 ದಿನ ಸಾಕು. ತಾನಾಗಿ ಮಾಯವಾಗುವ ಸಂದೇಶದ ಏರ್ಪಾಡು ಗುಂಪಿನಲ್ಲಿ ಚಾಲೂ ಇದ್ದರೆ ನಿಲ್ಲಿಸಿಬಿಡಿ. ನೀಲಿ ಗುರುತು ಬಂದರೆ ಓದಿದ್ದಾರೆಂದು ಅರ್ಥ, ಮಾಡಿದ್ದಾರೆಂದಲ್ಲ. ಹೆಬ್ಬೆರಳಿನ ಚಿತ್ರವೂ ಅಷ್ಟೇ. ಧ್ವನಿ ಸಂದೇಶದಲ್ಲಿ ಹೇಳಿದ ಕೆಲಸವನ್ನು ಕೇಳಿದವರು ಬರೆದು ಹಾಕದ ಹೊರತು ಲೆಕ್ಕಕ್ಕೆ ಹಿಡಿಯಕೂಡದು.

ನಾಲ್ಕು ತಾಲ್ಲೂಕುಗಳಿಗೆ ಒಂದೇ ಪಟ್ಟಿ ಮಾಡಿಯೂ ನೋಡಿದೆವು, ಸರಿಹೋಗಲಿಲ್ಲ. ಅರಕಲಗೂಡಿನ ಪಶ್ಚಿಮದಲ್ಲಿ ಮಳೆ ಬೇಗ ಹಿಡಿಯುತ್ತದೆ. ಅಲ್ಲಿ ಕಾಫಿಗೆ ತುಕ್ಕುರೋಗದ ಸಿಂಪಡಣೆ, ನೆರಳು ತೆಗೆಯುವುದು ಎಲ್ಲಕ್ಕೂ ಅವಸರ. ಹಾಸನ, ಹೊಳೆನರಸೀಪುರ ದಾಟಿ ಚನ್ನರಾಯಪಟ್ಟಣಕ್ಕೆ ಬರುವಷ್ಟರಲ್ಲಿ ಮಳೆ ತೆಳುವಾಗುತ್ತದೆ. ಅಲ್ಲಿಯ ಅಡಿಕೆ, ತೆಂಗಿನವರ ಚಿಂತೆ ನೀರಿನದು. ಆದ್ದರಿಂದ ತಾಲ್ಲೂಕಿಗೊಂದು ಪಟ್ಟಿ, ಪಟ್ಟಿಗೊಬ್ಬರು ಬರೆಯುವವರು. ಬೇರೆಯವರು ಹೇಳಬಹುದು, ಗೆರೆ ಹೊಡೆಯಬಾರದು. ಗೆರೆ ಹೊಡೆಯುವ ಮುನ್ನ ಆ ಕೆಲಸ ಯಾರ ತೋಟದ್ದೋ ಅವರಿಗೆ ಒಂದು ಫೋನ್ ಮಾಡಿ ಕೇಳುತ್ತೇವೆ. ಕೆಲವರಿಗೆ ಇದು ಕಿರಿಕಿರಿಯಾಗಿದೆ, ಆಗಲಿ.

ಮೈಕ್ರೋಸಾಫ್ಟ್ ಟೀಮ್ಸ್, ಗೂಗಲ್ ಚಾಟ್ ಮುಂತಾದವುಗಳಲ್ಲಿ ಹೆಸರು, ದಿನಾಂಕ ಸಹಿತ ಕೆಲಸ ಹಂಚಲು ಪ್ರತ್ಯೇಕ ಜಾಗವಿದೆಯಲ್ಲ, ಅದಕ್ಕೇ ಹೋಗೋಣವೆಂದು ಕೆಲವು ಯುವ ಸದಸ್ಯರು ಹೇಳುತ್ತಾರೆ. ಕಚೇರಿಗಳಿಗೆ ಅದು ಸರಿ. ನಮ್ಮಲ್ಲಿ ಅರ್ಧ ಜನ ಹೊಸ ಆಪ್ ತೆರೆಯುವುದೇ ಇಲ್ಲ. ಮೇಲಾಗಿ, ಮೈಕ್ರೋಸಾಫ್ಟಿನವರೇ 2017ರಲ್ಲಿ ನಮ್ಮ ದೇಶದಲ್ಲಿ ತಂದ ಕೈಜಾಲಾ ಎಂಬ ಆಪ್‌ನಲ್ಲಿ ಸಂದೇಶದ ನಡುವೆಯೇ ಕೆಲಸ ಹಂಚುವ ಸೌಕರ್ಯವಿತ್ತು. 2023ರ ಆಗಸ್ಟ್ 31ಕ್ಕೆ ಅದನ್ನು ನಿಲ್ಲಿಸಿದರು. ಆದುದರಿಂದ ಯಾವ ಆಪ್ ಆದರೂ, ಪಟ್ಟಿಯ ಒಂದು ಪ್ರತಿ ನೋಟು ಪುಸ್ತಕದಲ್ಲಿರಲಿ.

ಮರ ಹತ್ತುವವರಲ್ಲಿ ಹಾಗೂ ಮೇಸ್ತ್ರಿಗಳಲ್ಲಿ ಹಲವರ ಬಳಿ ಗುಂಡಿ ಒತ್ತುವ ಫೋನ್ ಮಾತ್ರ ಇದೆ. ಕೆಲಸ ಮಾಡುವವರೇ ಅವರು, ಪಟ್ಟಿ ಕಾಣದವರೂ ಅವರೇ. ಇವರಿಗಾಗಿ ಸಂಘದ ಕಚೇರಿಯ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಪ್ರತಿ ಸೋಮವಾರ ಸಂಜೆ ಅದೇ ಪಟ್ಟಿಯನ್ನು, ಅದೇ ಸಂಖ್ಯೆಗಳೊಂದಿಗೆ ಬರೆಯಲಾಗುತ್ತದೆ. ಮುಂದಿನ ವಾರದ ಕೆಲಸ ಸೇರಿಸಬೇಕಾದವರು ಭಾನುವಾರ ರಾತ್ರಿ ಎಂಟರೊಳಗೆ ತಮ್ಮ ತಾಲ್ಲೂಕಿನ ಪಟ್ಟಿ ಬರೆಯುವವರಿಗೆ ತಿಳಿಸಬೇಕಾಗಿ ಕೋರುತ್ತೇವೆ.