ದೀರ್ಘ ವಿದೇಶ ಪ್ರವಾಸದ ವಿಮೆ: ಕಂತಿಗಿಂತ ಷರತ್ತು ಮುಖ್ಯ

ಯುರೋಪಿನ ಷೆಂಗೆನ್ ರಾಷ್ಟ್ರಗಳಲ್ಲಿ 90 ದಿನಗಳವರೆಗೆ ತಂಗಲು ನೀಡುವ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆಯ ಪ್ರವಾಸ ವಿಮೆ ಕಡ್ಡಾಯ. ಈ ಮೊತ್ತಕ್ಕೆ ಸರಿಹೊಂದುವ ಅಗ್ಗದ ಪಾಲಿಸಿಯನ್ನು ಕೊಂಡು ನಿಶ್ಚಿಂತರಾಗುವ ವರ್ತಕರು ಅನೇಕ. ವೀಸಾಕ್ಕೆ ಅಷ್ಟು ಸಾಕಾದೀತು. ಕಾಯಿಲೆ ಬಿದ್ದಾಗ ಷರತ್ತುಗಳೇ ನಿರ್ಣಾಯಕ.

ಮಧುಮೇಹ, ರಕ್ತದೊತ್ತಡಗಳನ್ನು ಅರ್ಜಿಯಲ್ಲಿ ಮರೆಮಾಚಿದರೆ ಕ್ಲೇಮು ತಿರಸ್ಕೃತವಾಗಬಹುದು. ತಿಳಿಸಿದರೂ, ಮೊದಲೇ ಇದ್ದ ಕಾಯಿಲೆಯ ಚಿಕಿತ್ಸೆಯನ್ನು ಅನೇಕ ಪಾಲಿಸಿಗಳು ಹೊರಗಿಡುತ್ತವೆ, ಇಲ್ಲವೆ ಪ್ರಾಣಾಪಾಯದ ಸಂದರ್ಭಕ್ಕೆ ಮಾತ್ರ ಸೀಮಿತಗೊಳಿಸುತ್ತವೆ. ವಯಸ್ಸು ಐವತ್ತು ದಾಟಿದವರು ಮೊದಲು ಓದಬೇಕಾದುದು ಇದನ್ನೇ.

ವಾರ್ಷಿಕ ಬಹುಪ್ರವಾಸ ಪಾಲಿಸಿಯಲ್ಲಿ ಪ್ರತಿ ಪ್ರವಾಸಕ್ಕೂ ದಿನಗಳ ಮಿತಿಯಿರುತ್ತದೆ. ಮಿತಿ 45 ದಿನಗಳಾಗಿದ್ದು ಪ್ರವಾಸ 70 ದಿನಗಳದ್ದಾದರೆ, ಕೊನೆಯ 25 ದಿನ ರಕ್ಷಣೆಯಿಲ್ಲ. ಅಂಥವರಿಗೆ ಪೂರ್ಣ ಅವಧಿಯ ಏಕಪ್ರವಾಸ ಪಾಲಿಸಿಯೇ ಲೇಸು. ಜೊತೆಗೊಯ್ಯುವ ಮಾದರಿ ಸರಕು ಸಾಮಾನ್ಯವಾಗಿ ಲಗೇಜು ರಕ್ಷಣೆಯೊಳಗೆ ಬಾರದು. ಅದಕ್ಕೆ ಪ್ರತ್ಯೇಕ ವಿಮೆ ಮಾಡಿಸಬೇಕು.