ಹೊಸ ಲ್ಯಾಪ್‌ಟಾಪಿನ ಪರದೆಯ ದೋಷ

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಲ್ಯಾಪ್‌ಟಾಪನ್ನು ಅಂಗಡಿಯಲ್ಲಿ ಕೊಂಡವರೂ ಆನ್‌ಲೈನಿನಲ್ಲಿ ತರಿಸಿಕೊಂಡವರೂ ಅದರ ಪರದೆಯನ್ನು ಮೊದಲ ದಿನವೇ ಪರೀಕ್ಷಿಸುವುದು ಅತ್ಯಗತ್ಯ, ಏಕೆಂದರೆ ಬದಲಿ ಕೊಡುವ ಅವಧಿ ಸಾಮಾನ್ಯವಾಗಿ ಕೆಲವೇ ದಿನಗಳದ್ದಾಗಿದ್ದು, ಅದು ಮುಗಿದ ಮೇಲೆ ದುರಸ್ತಿಯ ವಾರಂಟಿಯಷ್ಟೇ ಉಳಿಯುತ್ತದೆ. 1920×1080 ಅಳತೆಯ ಪರದೆಯಲ್ಲಿ ಪಿಕ್ಸೆಲ್ ಎಂದು ಕರೆಯುವ 20,73,600 ಚಿತ್ರಬಿಂದುಗಳಿರುತ್ತವೆ; ಪ್ರತಿಯೊಂದರಲ್ಲೂ ಕೆಂಪು, ಹಸಿರು, ನೀಲಿಯ ಉಪಬಿಂದುಗಳಿದ್ದು, ಅವನ್ನು ನಿಯಂತ್ರಿಸುವ ಟ್ರಾನ್ಸಿಸ್ಟರ್ ಕೆಟ್ಟರೆ ಬಿಂದು ಸದಾ ಕಪ್ಪಾಗಿಯೋ ಒಂದೇ ಬಣ್ಣದಲ್ಲಿಯೋ ನಿಂತುಬಿಡುತ್ತದೆ. ಬಿಳಿ, ಕಪ್ಪು ಮತ್ತು ಈ ಮೂರು ಬಣ್ಣಗಳನ್ನು ಒಂದೊಂದಾಗಿ ಪರದೆಯ ತುಂಬ ಹರಡಿ ನೋಡಿದರೆ ಇಂಥ ಬಿಂದು ಕಣ್ಣಿಗೆ ಬೀಳುತ್ತದೆ. ಗೆರೆಗಳು ಮೂಡಿದಾಗ ಯಂತ್ರವನ್ನು ಬೇರೊಂದು ಮಾನಿಟರಿಗೆ ಜೋಡಿಸಬೇಕು. ಅಲ್ಲಿ ಚಿತ್ರ ಸರಿಯಾಗಿದ್ದರೆ ದೋಷ ಬಹುಮಟ್ಟಿಗೆ ಪರದೆಯದು ಅಥವಾ ಅದರ ಕೇಬಲಿನದು.

ಒಂದೆರಡು ಕೆಟ್ಟ ಬಿಂದುಗಳನ್ನು ಅನೇಕ ತಯಾರಕರು ದೋಷವೆಂದು ಒಪ್ಪುವುದಿಲ್ಲ. ಮಕ್ಕಳ ಓದಿಗೆಂದು ಹಣ ಕೂಡಿಟ್ಟು ಕೊಳ್ಳುವ ಕುಟುಂಬಕ್ಕೆ ಈ ನಿಯಮವನ್ನು ಮಾರುವ ಮುನ್ನವೇ ತಿಳಿಸುವುದು ನ್ಯಾಯ. ಬಿರುಕು ಸಾಮಾನ್ಯವಾಗಿ ವಾರಂಟಿಗೆ ಒಳಪಡುವುದಿಲ್ಲವಾದ್ದರಿಂದ, ಪೆಟ್ಟಿಗೆ ಬಿಚ್ಚುವಾಗಲೇ ವಿಡಿಯೊ ಮಾಡಿಕೊಂಡು, ಬಿಲ್ಲಿನೊಡನೆ ಕಾಪಾಡಿಕೊಳ್ಳುವುದು ಲೇಸು.

ಮಾರಾಟಗಾರ ಸ್ಪಂದಿಸದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕಂಪನಿಯ ಕಚೇರಿ ಎಲ್ಲೇ ಇದ್ದರೂ ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ವ್ಯಾಪ್ತಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ 2 ವರ್ಷಗಳೊಳಗೆ ದೂರು ಸಲ್ಲಿಸಬಹುದಾಗಿದ್ದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಆದ್ದರಿಂದ ಸುರಪುರದ ಗ್ರಾಹಕ ಇದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ.